ಜನರೇಟರ್ ಬೆಳಕಲ್ಲಿ ಐದು ಲಕ್ಷದ ಕ್ಯಾಮೆರಾ

"ಹೈ ಐಎಸ್‌ಒ ಹೆಂಗಿದೆ?" ಹೊಸ ಕ್ಯಾಮೆರಾ ಬಾಡಿ ಬಂತು ಅಂದರೆ ನಮ್ಮ ಫೋಟೋ ಲೈನಿನವರು ಕೇಳುವ ಮೊದಲ ಪ್ರಶ್ನೆ ಇದು: ಕಮ್ಮಿ ಬೆಳಕಿಗೆ ಅಂತ ಐಎಸ್‌ಒ ಸಂಖ್ಯೆ ಏರಿಸಿದಾಗ ಫೋಟೋ ಹೆಂಗೆ ಬರುತ್ತದೆ ಅಂತ. ಎಷ್ಟೋ ಜನರಿಗೆ ಕೊನೆಯದೂ ಇದೇ. 2007ರಲ್ಲಿ ನಿಕಾನ್ ಡಿ3 ಬಂದಾಗ ಈ ಪ್ರಶ್ನೆಗೆ ತೂಕ ಇತ್ತು. ಅಲ್ಲಿಯವರೆಗೆ 1600 ದಾಟಿಸಿದರೆ ಕಪ್ಪು ಜಾಗದಲ್ಲೆಲ್ಲ ಬಣ್ಣದ ರವೆ ಚೆಲ್ಲಿದ ಹಾಗೆ ಕಾಣುತ್ತಿತ್ತು. ಡಿ3 6400ರಲ್ಲೂ ಆಲ್ಬಮ್ಮಿಗೆ ಹಾಕುವಂಥ ಫೋಟೋ ಕೊಟ್ಟಿತು. 2016ರ ಡಿ5ರಲ್ಲಿ ಆ ಸಂಖ್ಯೆ 32,80,000ದವರೆಗೆ ಹೋಯಿತು. ಆ ಸಂಖ್ಯೆಯಲ್ಲಿ ತೆಗೆದ ಫೋಟೋವನ್ನು ಗಿರಾಕಿ ಕೈಗೆ ಕೊಟ್ಟವರನ್ನು ನಾನಂತೂ ನೋಡಿಲ್ಲ.

ನಮ್ಮ ಸ್ಟುಡಿಯೋ ಇರುವುದು ಶಿವಮೊಗ್ಗದಲ್ಲಿ. ಮದುವೆ, ಉಪನಯನ, ಗೃಹಪ್ರವೇಶ, ಶಾಲೆಯ ಗ್ಯಾದರಿಂಗು. ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯುವ ತನಕ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಆಟ, ಅಂದರೆ ಯಕ್ಷಗಾನ. ಹೋದ ಸೀಸನ್ನಿನಲ್ಲಿ ಮಾಲೀಕರಿಗೆ ಟಾಪ್ ಎಂಡ್ ಬಾಡಿಯೇ ಆಗಬೇಕು ಅನ್ನಿಸಿತು. ಯಾಕೆ ಸಾರ್ ಅಂದರೆ, ಮಂಗಳೂರಿನ ಯಾವುದೋ ಟೀಮಿನ ಹತ್ತಿರ ಇದೆಯಂತೆ. ಐದು ಲಕ್ಷ ದಾಟುವ ಸಾಮಾನು, ಲೆನ್ಸ್ ಖರ್ಚು ಬೇರೆ. ಬೆಂಗಳೂರಿನಿಂದ ಬಾಡಿಗೆಗೆ ತರಿಸಿ ಟೆಸ್ಟ್ ಮಾಡೋಣ ಎಂದು ನಾನೇ ಹೇಳಿದೆ. ಒಪ್ಪಿದರು. ಆದರೆ ಬರೀ ಟೆಸ್ಟಿಗೆ ಅಂತ ದುಡ್ಡು ಬಿಚ್ಚುವ ಆಸಾಮಿ ಅಲ್ಲ. ಬಾಡಿಗೆಯ ದುಡ್ಡು ಹುಟ್ಟಬೇಕಲ್ಲ? ಹಾಗಾಗಿ ಟೆಸ್ಟೂ ಅದೇ, ಆರ್ಡರೂ ಅದೇ: ಹೊಸನಗರದ ಕಡೆ ಒಂದು ಮನೆಯವರ ಹರಕೆ ಆಟ, ಆಲ್ಬಮ್ ಸಮೇತ.

ಕ್ಯಾಮೆರಾದ ಹೆಸರು ಹೇಳುವುದಿಲ್ಲ. ತಪ್ಪು ಅದರದ್ದಲ್ಲ, ಆ ವರ್ಗದ ಯಾವುದನ್ನು ಹಿಡಿದುಕೊಂಡು ಹೋಗಿದ್ದರೂ ಅವತ್ತು ಹೆಚ್ಚುಕಮ್ಮಿ ಹೀಗೇ ಆಗುತ್ತಿತ್ತು. ಪಾರ್ಸೆಲ್ಲಿನಲ್ಲಿ ಬಾಡಿ, ಎರಡು ಬ್ಯಾಟರಿ, ಒಂದೇ ಒಂದು ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್. ರೀಡರ್ ಇಲ್ಲ. ಕೇಬಲ್ ಹಾಕಿ ಎಳೆದುಕೊಂಡರೆ ನಮ್ಮ ಆಫೀಸಿನ ಹಳೇ ಸಾಫ್ಟ್‌ವೇರ್ ಹೊಸ ಬಾಡಿಯ ರಾ ಫೈಲನ್ನು ಮುಟ್ಟಲೂ ಒಪ್ಪಲಿಲ್ಲ. ಒಂದೊಂದು ಫೈಲೂ ಐವತ್ತು ಎಂಬಿ ಹತ್ತಿರ, ಸೆಕೆಂಡಿಗೆ 20 ಫ್ರೇಮ್; ಬಟನ್ ಒತ್ತಿ ಹಿಡಿದರೆ ಸೆಕೆಂಡಿಗೆ ಒಂದು ಜಿಬಿ. ಎಡಿಟಿಂಗಿಗೆ ಕೂರುವ ಹುಡುಗ ಅದನ್ನು ನೋಡಿ "ಅಣ್ಣ, ಆಟ ಇಡೀ ರಾತ್ರಿ ಅಲ್ವಾ?" ಅಂತ ಮಾತ್ರ ಕೇಳಿದ.

ಆಟಕ್ಕೆ ಹೋಗುವ ಮುಂಚೆ ಊರಿನ ಕಲ್ಯಾಣ ಮಂಟಪದ ಒಂದು ರಿಸೆಪ್ಷನ್ನಿನಲ್ಲಿ ಕೈ ನೋಡಿಕೊಂಡೆ. ಡಿಜೆ ಇತ್ತು, ಕುಣಿತ ಇತ್ತು, ಬೆಳಕು ಕಮ್ಮಿಯೇ ಇತ್ತು. ಶಟರ್ 1/1000 ಸೆಕೆಂಡು, ಲೆನ್ಸಿನ ಕಿಂಡಿ ಎಫ್ 2.8, ಐಎಸ್‌ಒ 12800. ಬಟನ್ ಒತ್ತಿ ಹಿಡಿದು ಎಳೆದ ಬರ್ಸ್ಟೆಲ್ಲ ಮೊದಲಿನಿಂದ ಕೊನೆಯ ಫ್ರೇಮಿನವರೆಗೆ ಒಂದೇ ಸಮ. ಕಣ್ಣಿಗೆ ಫೋಕಸ್ ಕಚ್ಚಿದರೆ ಬಿಡುತ್ತಿರಲಿಲ್ಲ. ರಾತ್ರಿಯೇ ಮಾಲೀಕರಿಗೆ ವಾಟ್ಸಾಪ್ ಹಾಕಿದೆ: "ಕಣ್ಣು ಮುಚ್ಚಿ ತಗೋಬಹುದು ಸಾರ್."

ಹರಕೆ ಆಟ ಇದ್ದದ್ದು ತೋಟದ ಕೆಳಗಿನ ಕೊಯ್ಲಾದ ಗದ್ದೆಯಲ್ಲಿ. ಕರೆಂಟು ನಂಬುವ ಹಾಗಿಲ್ಲವೆಂದು ಜನರೇಟರ್. ರಂಗಸ್ಥಳದ ಮುಂದೆ ಎರಡು ಕಡೆ ಎಲ್‌ಇಡಿ ಫ್ಲಡ್ ಲೈಟು, ಮೇಲೆ ಕಟ್ಟಿದ ಅಡ್ಡಕೋಲಿನಲ್ಲಿ ಬಣ್ಣ ಬದಲಾಯಿಸುವ ಪಾರ್ ಲೈಟುಗಳು. ಫ್ಲ್ಯಾಶ್ ಹೊಡೆಯುವ ಪ್ರಶ್ನೆಯೇ ಇಲ್ಲ, ಕುಣಿಯುವವರ ಕಣ್ಣಿಗೆ ಹೊಡೆದರೆ ಹೆಜ್ಜೆ ತಪ್ಪುತ್ತದೆ. ಸೈಲೆಂಟ್ ಶಟರ್ ಅನ್ನು ಈ ಕ್ಯಾಮೆರಾಗಳ ದೊಡ್ಡ ಗುಣ ಅಂತ ಹೊಗಳುತ್ತಾರೆ. ಚೆಂಡೆಯ ಪಕ್ಕ ಕೂತವನಿಗೆ ಅದರಿಂದ ಎಂತ ಉಪಕಾರವೋ ನನಗೆ ಗೊತ್ತಿಲ್ಲ. ಹೆಗ್ಗೋಡಿನಲ್ಲಿ ನಾಟಕ ತೆಗೆಯುವಾಗಲೋ ಧಾರೆಯ ಹೊತ್ತಿಗೋ ಆದರೆ ಸರಿ. ಇಬ್ಬನಿ ಬೇರೆ ಬೀಳುತ್ತಿತ್ತು, ಲೆನ್ಸಿನ ಮುಂಭಾಗವನ್ನು ಆಗಾಗ ಒರೆಸುತ್ತಾ ಕೂತೆ. ನಮ್ಮ ಹಳೇ ಡಿಎಸ್‌ಎಲ್‌ಆರ್ ಅಸಿಸ್ಟೆಂಟ್ ಕೈಯಲ್ಲಿ, ವೇಷ ಕಟ್ಟುವ ಚೌಕಿಯ ಫೋಟೋಗಳಿಗೆ.

ಅಭಿಮನ್ಯುವಿನ ಪ್ರವೇಶ. ಪುಂಡುವೇಷದವರು (ಎಳೆಯ ವೀರನ ವೇಷ) ಒಳ್ಳೇ ಚುರುಕು, ಬಂದವರೇ ರಂಗಸ್ಥಳಕ್ಕೆ ಒಂದು ಸುತ್ತು ಹಾಕಿ ಹಾರಿ ಸುತ್ತುವ ದಿಗಿಣಕ್ಕೆ ಎದ್ದರು. ಜನ ಶಿಳ್ಳೆ ಹೊಡೆದರು, ನಾನು ಬಟನ್ ಒತ್ತಿದೆ. ವ್ಯೂಫೈಂಡರಿನಲ್ಲಿ ಎಲ್ಲ ಚೆನ್ನಾಗೇ ಕಂಡಿತು. ಉಸಿರು ಬಿಡುವ ಗ್ಯಾಪಿನಲ್ಲಿ ಹಿಂದೆ ಸ್ಕ್ರೀನ್ ನೋಡಿದರೆ ನಾಲ್ಕು ಫ್ರೇಮ್ ಬೆಳ್ಳಗೆ, ಮುಂದಿನವು ಮಂಕಾಗುತ್ತಾ ಹೋಗಿ ಒಂದರಲ್ಲಿ ವೇಷವೇ ಕತ್ತಲೆಗೆ ಹೋಗಿದೆ, ಮತ್ತೆ ನಿಧಾನ ಬೆಳಕು. ಝೂಮ್ ಮಾಡಿದೆ. ತಲೆಗೆ ಕಟ್ಟಿದ ಕೇದಗೆ ಮುಂದಲೆಯ ಮೇಲೆ ನೀಲಿ ಪಟ್ಟಿ, ಮುಖದ ಮೇಲೆ ಹಳದಿ, ಎದೆಕಟ್ಟಿನ ಮೇಲೆ ಮತ್ತೆ ನೀಲಿ. ಅಡ್ಡ ಅಡ್ಡ, ಲುಂಗಿಯ ಗೆರೆಯಷ್ಟು ನೀಟಾಗಿ.

ಮೊದಲು ಹೊಳೆದದ್ದು ಬಾಡಿಯೇ ಕೈಕೊಟ್ಟಿದೆ ಅಂತ. ಬಾಡಿಗೆಯವರಿಗೆ ಕಟ್ಟಿದ ಡಿಪಾಸಿಟ್ ನೆನಪಾಗಿ ಬೆನ್ನು ಬೆವರಿತು. ಬ್ಯಾಟರಿ ತೆಗೆದು ಹಾಕಿದೆ. ಹಾಡುವ ಭಾಗವತರು ಏರು ಪದಕ್ಕೆ ಹೋದರು. ಮೆನುವಿನಲ್ಲಿ ಲೈಟಿನ ಮಿನುಗು ತಗ್ಗಿಸುವ ಫ್ಲಿಕರ್ ರಿಡಕ್ಷನ್ ಹುಡುಕಲು ಹೊರಟರೆ ಅದು ಯಾವ ಪುಟದಲ್ಲಿದೆಯೋ! ಬಾಡಿಗೆ ಕ್ಯಾಮೆರಾದ ಮೆನು ಬೇರೆಯವರ ಮನೆಯ ಅಡುಗೆಮನೆ ಇದ್ದಂತೆ ಅನ್ನುವುದೂ ಕಮ್ಮಿಯೇ. ಸಿಕ್ಕಿತು, ಆನ್ ಮಾಡಿದೆ, ಬರ್ಸ್ಟಿನ ವೇಗ ಇಳಿಯಿತು. ಬೆಳಕಿನ ಏರಿಳಿತ ಸ್ವಲ್ಪ ತಗ್ಗಿತು, ಪಟ್ಟಿಗಳು ಹಾಗೇ ಉಳಿದವು. ಶಟರನ್ನು 1/100ಕ್ಕೆ ಇಳಿಸಿದೆ. ಬೆಳಕು ಸಮ ಆಯಿತು, ಆದರೆ ಅಭಿಮನ್ಯುವಿಗೆ ಕೈಕಾಲೇ ಇಲ್ಲ, ಬರೀ ಬಣ್ಣದ ಹೊಗೆ. ಅಷ್ಟರಲ್ಲಿ ಮಂಡಿಯೂರಿ ಗಿರ್ರನೆ ತಿರುಗುವ ಮಂಡಿ ಸುತ್ತು ಶುರು. ಆರ್ಡರ್ ಕೊಟ್ಟ ಮನೆಯ ಯಜಮಾನರು ಪಕ್ಕದ ಕುರ್ಚಿಯಿಂದ ಬಗ್ಗಿ, "ಇದು ಚೆನ್ನಾಗಿ ಬರಬೇಕು ಮಾರಾಯ್ರೆ, ಇದಕ್ಕೇ ಇವರನ್ನ ಹೇಳಿ ಕರೆಸಿದ್ದು" ಅಂದರು. ಬಂದಿದೆ ಅನ್ನುವ ಹಾಗೆ ತಲೆ ಆಡಿಸಿದೆ.

ಪುಣ್ಯಕ್ಕೆ ಅರ್ಥಗಾರಿಕೆ, ಅಂದರೆ ಮಾತಿನ ಭಾಗ, ಶುರುವಾಯಿತು. ಅರ್ಥ ಹೇಳುವಾಗ 1/100 ಧಾರಾಳ ಸಾಕು. ಆ ಹೊತ್ತಿನಲ್ಲಿ ಎದ್ದು ಲೈಟಿನವನ ಹತ್ತಿರ ಓಡಿದೆ. ಇಪ್ಪತ್ತು ದಾಟಿರಬಹುದು, ಕಂಬಳಿ ಹೊದ್ದು ಲೈಟ್ ಬೋರ್ಡಿನ ಮುಂದೆ ಕೂತಿದ್ದ. ಸ್ಕ್ರೀನ್ ತೋರಿಸಿದೆ. ಆಶ್ಚರ್ಯವನ್ನೇ ಪಡಲಿಲ್ಲ.

"ವಿಡಿಯೋದವ್ರೂ ಇದನ್ನೇ ಹೇಳ್ತಾರಣ್ಣ. ಪಾರ್ ಎಲ್ಲ ಅರ್ಧಕ್ಕೆ ಡಿಮ್ ಮಾಡಿಟ್ಟಿದೀನಿ, ಅದ್ಕೇ. ಫುಲ್ ಕೊಡ್ಲಾ?"

"ಕೊಡು. ಬಣ್ಣ ಬದಲಾಯಿಸೋದೂ ನಿಲ್ಲಿಸು."

"ಹಳೇ ಹ್ಯಾಲೊಜನ್ ಎರಡು ಗಾಡಿಯಲ್ಲಿದೆ. ಹಾಕ್ಬೋದು, ಲೋಡ್ ಆಗ್ತದೆ. ಜನರೇಟರಿನವ್ರು ಬೈದ್ರೆ ನೀವೇ ಮಾತಾಡ್ಬೇಕು."

ಮಾತಾಡಿದೆ. ಡೀಸೆಲ್ಲಿಗೆ ಅಂತ ಜೇಬಿನಿಂದ ಕೊಟ್ಟೆ (ಆ ವೋಚರ್ ಆಫೀಸಿನಲ್ಲಿ ಇನ್ನೂ ಪಾಸಾಗಿಲ್ಲ). ಪಾರ್ ಫುಲ್ಲಾಗಿ ಬಿಳಿಗೆ ನಿಂತಿತು, ಹ್ಯಾಲೊಜನ್ ಎರಡೂ ಕೆಂಪಗೆ ಏರಿದವು. ಯುದ್ಧದ ಕುಣಿತಕ್ಕೆ 1/800ರಲ್ಲಿ ತೆಗೆದದ್ದು ಆಲ್ಬಮ್ಮಿನ ಅರ್ಧ ಭಾಗ.

ಮರುದಿನ ಕೂತು ಲೆಕ್ಕ ಹಾಕಿದ ಮೇಲೆ ಮಂಟಪದಲ್ಲಿ ನಾನು ಮೋಸಹೋದದ್ದು ಹೇಗೆ ಅಂತ ತಿಳಿಯಿತು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. 20 ಫ್ರೇಮಿನ ಬರ್ಸ್ಟ್ ಅಂದರೆ ಎರಡು ಫ್ರೇಮಿನ ನಡುವೆ ಸರಿಯಾಗಿ ಐದು ಮಿನುಗು. ಮೊದಲ ಫ್ರೇಮ್ ಅಲೆಯ ನೆತ್ತಿಯಲ್ಲಿ ಬಿದ್ದರೆ ಉಳಿದವೂ ನೆತ್ತಿಯಲ್ಲೇ. ಎಲ್ಲ ಒಂದೇ ಸಮ ಬಂದದ್ದು ಕ್ಯಾಮೆರಾದ ಹೆಚ್ಚುಗಾರಿಕೆ ಅಲ್ಲ, ಗುಣಾಕಾರದ ಕೃಪೆ. ಜನರೇಟರ್ 51ರಲ್ಲಿ ಓಡಿತು ಅನ್ನಿ: ಮಿನುಗು 102, ಫ್ರೇಮಿಗೆ 5.1. ಪ್ರತಿ ಫ್ರೇಮೂ ಅಲೆಯಲ್ಲಿ ಹತ್ತರಲ್ಲಿ ಒಂದು ಪಾಲು ಮುಂದೆ ಜರುಗುತ್ತದೆ, ಹತ್ತು ಫ್ರೇಮಿನಲ್ಲಿ ಬೆಳ್ಳಗಿನಿಂದ ಕತ್ತಲೆಗೆ ಹೋಗಿ ವಾಪಸ್. 1/1000 ಅಂದರೆ ಆ ಅಲೆಯ ಹತ್ತನೇ ಒಂದು ಭಾಗ ಮಾತ್ರ ಸಿಗುವುದು. 1/100ರಲ್ಲಿ ಇಡೀ ಅಲೆ ಒಳಗೆ ಬರುತ್ತದೆ, ಅದಕ್ಕೇ ಸಮ.

ಪಟ್ಟಿಗಳ ಕಥೆ ಬೇರೆ. ಪಾರ್ ಲೈಟನ್ನು ಡಿಮ್ ಮಾಡಿದರೆ ಬೆಳಕು ಕಮ್ಮಿಯಾಗುವುದಿಲ್ಲ, ಸೆಕೆಂಡಿಗೆ ನೂರಾರು, ಸಾವಿರಾರು ಸಲ ಆರಿ ಹತ್ತಿ ಕಮ್ಮಿಯಾದಂತೆ ಕಾಣಿಸುತ್ತದೆ. ಈ ವರ್ಗದ ಕ್ಯಾಮೆರಾಗಳ ಬೇಗ ಓದುವ ಸ್ಟ್ಯಾಕ್ಡ್ ಸೆನ್ಸರ್ ಎಷ್ಟೇ ಚುರುಕಾದರೂ ಮೇಲಿನಿಂದ ಕೆಳಗೆ ಓದಿ ಮುಗಿಸಲು ನಾಲ್ಕು ಮಿಲಿಸೆಕೆಂಡಿನ ಆಸುಪಾಸು ಬೇಕು. ಲೈಟು ಸಾವಿರ ಸಲ ಆರಿಹತ್ತುವುದಾದರೆ ಅಷ್ಟರಲ್ಲಿ ನಾಲ್ಕು ಪಟ್ಟಿ. ಫ್ಲಿಕರ್ ರಿಡಕ್ಷನ್ ಇರುವುದು 100, 120 ಹರ್ಟ್ಸಿನ ಮಿನುಗಿಗೆ. ಇದಕ್ಕೆ ಅದು ಏನೂ ಮಾಡಲಾರದು. 2023ರಲ್ಲಿ ಸೋನಿ ಎ9 III ಗ್ಲೋಬಲ್ ಶಟರ್ ತಂದಿತು, ಇಡೀ ಫ್ರೇಮನ್ನು ಒಂದೇ ಏಟಿಗೆ ಓದುತ್ತದೆ, ಒಳಗಿನ ಪಟ್ಟಿ ಹೋಯಿತು. ಫ್ರೇಮಿನಿಂದ ಫ್ರೇಮಿಗೆ ಬೆಳಕು ಏರಿಳಿಯುವುದು ಅದರಲ್ಲೂ ತಪ್ಪುವುದಿಲ್ಲ. ಹ್ಯಾಲೊಜನ್ನಿನ ತಂತಿ ಕಾದರೆ ಅಷ್ಟು ಬೇಗ ಆರುವುದಿಲ್ಲ, ಹಾಗಾಗಿ ಆ ಹಳೇ ಡಬ್ಬಕ್ಕೆ ಇದ್ಯಾವ ತಾಪತ್ರಯವೂ ಅಷ್ಟಾಗಿ ಇಲ್ಲ.

ಕತ್ತಲಿಗೆ ಅಂತ ಕ್ಯಾಮೆರಾ ಕೊಳ್ಳುವವರು ಕತ್ತಲನ್ನೇ ಅಳೆಯುತ್ತೇವೆ, ಇರುವಷ್ಟು ಬೆಳಕು ಎಂಥದು ಅಂತ ನೋಡುವುದಿಲ್ಲ. ನಾಯ್ಸ್, ಅಂದರೆ ಆ ಬಣ್ಣದ ರವೆ, ನನಗೆ ಆ ರಾತ್ರಿ ಒಮ್ಮೆಯೂ ತಲೆಬಿಸಿ ಮಾಡಲಿಲ್ಲ. 12x36 ಆಲ್ಬಮ್ಮಿನ ಅರ್ಧ ಹಾಳೆಗೆ 300 ಡಿಪಿಐನಲ್ಲಿ ಬೇಕಾಗುವುದು 20 ಮೆಗಾಪಿಕ್ಸೆಲ್ಲಿಗೂ ಸ್ವಲ್ಪ ಕಮ್ಮಿ. ಅಷ್ಟಕ್ಕೆ ಇಳಿಸಿ ಪ್ರಿಂಟ್ ಹಾಕಿದ ಮೇಲೆ ಹಳೇ ಡಿಎಸ್‌ಎಲ್‌ಆರ್ ಫೋಟೋ ಯಾವುದು, ಇದರದ್ದು ಯಾವುದು ಅಂತ ಮನೆಯವರಿಗಿರಲಿ, ನಮ್ಮ ಎಡಿಟಿಂಗ್ ಹುಡುಗನಿಗೂ ಹೇಳಲಾಗಲಿಲ್ಲ.

ಫೋಕಸ್ ಬಗ್ಗೆ ಎರಡು ಮಾತು. ಪುಂಡುವೇಷದ ಕಣ್ಣನ್ನು ಅದು ಹಿಡಿದ ರೀತಿಗೆ ನಮಸ್ಕಾರ. ಎರಡನೇ ಪ್ರಸಂಗದಲ್ಲಿ ಬಣ್ಣದ ವೇಷ ಬಂತು ನೋಡಿ, ರಾಕ್ಷಸನ ಮುಖ ಅದಕ್ಕೆ ಮುಖ ಅಂತಲೇ ಅನ್ನಿಸಲಿಲ್ಲ, ಸೀದಾ ಹಾರಿ ಹಿಂದೆ ಕೂತ ಭಾಗವತರನ್ನು ಹಿಡಿದುಕೊಂಡಿತು. ಮುಖ ಹುಡುಕುವುದನ್ನು ಆಫ್ ಮಾಡಿ ಹಳೇ ಪದ್ಧತಿಯಲ್ಲಿ ಝೋನ್ ಇಟ್ಟ ಮೇಲೆ ಸರಿಹೋಯಿತು. ಮೈನಸ್ ಆರು, ಏಳು ಇವಿ (ಬೆಳಕಿನ ಅಳತೆ) ಕತ್ತಲಲ್ಲೂ ಫೋಕಸ್ ಆಗುತ್ತದೆ ಎಂದು ಬರೆದಿರುತ್ತಾರಲ್ಲ, ಅಡಿಯಲ್ಲಿ ಸಣ್ಣಕ್ಷರದಲ್ಲಿ ಎಫ್ 1.2 ಲೆನ್ಸಿನೊಂದಿಗೆ ಅಂತಲೂ ಇರುತ್ತದೆ. ನಮ್ಮ 70-200 ಎಫ್ 2.8 ಹಾಕಿದಾಗಲೇ ಎರಡು ಸ್ಟಾಪಿಗೂ ಹೆಚ್ಚು ಹೋಯಿತು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ). ಇನ್ನೊಂದು: ನೀಲಿ ಪಾರ್ ಬಿದ್ದಾಗ ಬೆಳಕಿನ ಹಂಚಿಕೆ ತೋರಿಸುವ ಸಾದಾ ಹಿಸ್ಟೋಗ್ರಾಂ ನೆಮ್ಮದಿಯಾಗಿ ಕೂತಿರುತ್ತದೆ, ನೀಲಿ ಚಾನೆಲ್ ಮಾತ್ರ ಪೂರ್ತಿ ಸುಟ್ಟಿರುತ್ತದೆ. ಮೂರು ಬಣ್ಣದ್ದನ್ನೇ ಹಾಕಿಟ್ಟುಕೊಳ್ಳಿ.

ಈಗ ಎಲ್ಲಿಗೆ ಹೋದರೂ ಮೊದಲು ಮೊಬೈಲಿನ ಸ್ಲೋ ಮೋಷನ್ನಿನಲ್ಲಿ ಲೈಟುಗಳನ್ನು ಒಂದು ನಿಮಿಷ ನೋಡುತ್ತೇನೆ. ಮಿನುಗುವುದು ಅಲ್ಲೇ ಕಾಣುತ್ತದೆ, ಖರ್ಚಿಲ್ಲ. ಅಷ್ಟರ ಮೇಲೆ ಲೈಟಿನವನ ಜೊತೆ ಚಾ.

ರಿಪೋರ್ಟಿನಲ್ಲಿ ಬರೆದೆ: ಮೊದಲು 135 ಎಫ್ 1.8 ಲೆನ್ಸ್ ತಗೊಳ್ಳೋಣ, 2.8ಕ್ಕಿಂತ ಒಂದು ಸ್ಟಾಪಿಗೂ ಮಿಕ್ಕಿ ಬೆಳಕು ಬರುತ್ತದೆ, ಬಾಡಿ ಆಮೇಲೆ ನೋಡೋಣ. ಮಾಲೀಕರು ನನ್ನ ಹಳೇ ವಾಟ್ಸಾಪನ್ನೇ ತೆಗೆದು ತೋರಿಸಿ ಬಾಡಿ ತರಿಸಿದರು. ಲೆನ್ಸ್ ಮುಂದಿನ ಸೀಸನ್ನಿಗಂತೆ, ಎರಡನೇ ಕಾರ್ಡೂ ಹಾಗೇ. ಆಟದ ಕೊಟೇಶನ್ನಿಗೆ ನಾನು "ಹ್ಯಾಲೊಜನ್ ಎರಡು, ಡೀಸೆಲ್ ಸೇರಿ" ಅಂತ ಒಂದು ಸಾಲು ಸೇರಿಸಿದ್ದೇನೆ. ಚೌಕಾಸಿಗೆ ಕೂತವರು ಮೊದಲು ಹೊಡೆದು ಹಾಕುವುದು ಅದನ್ನೇ.