ಕಣದ ಬಿಸಿಲು ಕಂಡ ಚರ್ಮ

ಫೆಬ್ರವರಿಯ ಒಂದು ಮಂಗಳವಾರ. ದಕ್ಷಿಣ ಕೊಡಗಿನ ಪೇಟೆಯೊಂದರಲ್ಲಿ ನಾನು ನರ್ಸ್ ಆಗಿರುವ ಚರ್ಮದ ಕ್ಲಿನಿಕ್ಕಿಗೆ ಬಾಳೆಲೆ ಕಡೆಯ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಳು. ಗದ್ದದ ಕೂದಲಿಗೆ ಲೇಸರ್. ಮೂರು ಸಲ ಆಗಿತ್ತು, ಇದು ನಾಲ್ಕನೆಯದು. ಏಪ್ರಿಲ್‌ನಲ್ಲಿ ಮದುವೆ.

ಡಾಕ್ಟರು ಮೈಸೂರಿನಿಂದ ಬರುತ್ತಿದ್ದುದು ಶನಿವಾರ ಮಾತ್ರ. ಉಳಿದ ದಿನ ಮಷಿನ್ ನನ್ನ ಕೈಯಲ್ಲೇ. ಗೋಡೆಯ ಮೇಲೆ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳಿಗೆ ಕೊಡುವ ಕೆಪಿಎಂಇ ನೋಂದಣಿ ಪತ್ರದಲ್ಲಿ ಅವರ ಹೆಸರು, ಮಷಿನ್ ಎದುರಿನ ಸ್ಟೂಲಿನಲ್ಲಿ ನಾನು. ಜಿಎನ್‌ಎಂ ನರ್ಸಿಂಗ್ ಓದುವಾಗ ಇಂಜೆಕ್ಷನ್, ಡ್ರೆಸ್ಸಿಂಗ್, ಹೆರಿಗೆ ಎಲ್ಲ ಕಲಿತಿದ್ದೆ. ಲೇಸರ್ ಕಲಿಸಿದ್ದು ಮಷಿನ್ ಮಾರಿದ ಕಂಪನಿಯವರು, ಎರಡೇ ದಿನ.

ಹುಡುಗಿ ಕೈ ಚಾಚಿ ವಾಚು ಬಿಚ್ಚಿಟ್ಟಳು. ವಾಚಿನ ಪಟ್ಟಿ ಇದ್ದ ಜಾಗ ಬೆಳ್ಳಗೆ, ಅದರ ಆಚೆ ಈಚೆ ಕಪ್ಪು. "ಏನಮ್ಮ ಇದು?" ಅಂದೆ. "ಆಳು ಸಿಗಲಿಲ್ಲ ಸಿಸ್ಟರ್, ತಿಂಗಳಿಂದ ಕಣದಲ್ಲಿ ಕಾಫಿ ಕೆದಕೋದು ನಾನೇ." ತೋಟದೊಳಗಾದರೆ ಮರದ ನೆರಳಿರುತ್ತದೆ, ಕಣದಲ್ಲಿ ಯಾವ ನೆರಳು? ಗದ್ದದ ಬಣ್ಣವೂ ಜನವರಿಯದ್ದಲ್ಲ.

ನಮ್ಮದು ಡಯೋಡ್ ಮಷಿನ್, 810 ನ್ಯಾನೊಮೀಟರ್ ಬೆಳಕು. ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಆ ಬೆಳಕನ್ನು ಹೀರಿ ಕಾದು, ಬುಡ ಸುಡಬೇಕು. ಆದರೆ ಮೆಲನಿನ್ ಚರ್ಮದ ಮೇಲ್ಪದರದಲ್ಲೂ ಇದೆ. ಚರ್ಮವನ್ನು ತೀರಾ ಬೆಳ್ಳಗಿನ 1ರಿಂದ ಕಡುಗಪ್ಪಿನ 6ರವರೆಗೆ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಮಾಪನದಲ್ಲಿ ನಮ್ಮವರ ಚರ್ಮ ಹೆಚ್ಚಾಗಿ 4 ಅಥವಾ 5ನೇ ವರ್ಗ. ಅದರ ಮೇಲೆ ಬಿಸಿಲೂ ಬಿದ್ದಿದ್ದರೆ ಕೂದಲಿಗಿಂತ ಮೊದಲು ಚರ್ಮವೇ ಬೇಯಬಹುದು. 1064 ನ್ಯಾನೊಮೀಟರ್ ಬೆಳಕಿನ ಎನ್‌ಡಿ ಯಾಗ್ ಲೇಸರ್ ಮಷಿನ್ ಕಪ್ಪು ಚರ್ಮಕ್ಕೆ ಹೆಚ್ಚು ಕ್ಷೇಮ, ಅದು ನಮ್ಮಲ್ಲಿರಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ, ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ. ಟ್ಯೂಬ್‌ಲೈಟ್ ಬೆಳಕಿಗೆ ಫೋಟೋದಲ್ಲಿ ಅವಳ ಮುಖ ಬೆಳ್ಳಗೇ ಬಂದಿತ್ತು. "ಪರವಾಗಿಲ್ಲ ಸಿಸ್ಟರ್, ಹೋದ ಸಲದ ಸೆಟ್ಟಿಂಗೇ ಹಾಕಿ," ಅಂದರು.

ನನಗೆ ಸಮಾಧಾನವಾಗಲಿಲ್ಲ. ಇಲ್ಲ ಅನ್ನುವ ಧೈರ್ಯವೂ ಬರಲಿಲ್ಲ. ಇಬ್ಬರಿಗೂ ಕನ್ನಡಕ ಹಾಕಿ, ಜೆಲ್ ಹಚ್ಚಿ, ದವಡೆಯ ಕೆಳಗೆ ಕಿವಿಯ ಹತ್ತಿರ ಒಂದೇ ಒಂದು ಶಾಟ್ ಕೊಟ್ಟು ನಿಲ್ಲಿಸಿದೆ. ಸರಿಯಾಗಿ ಬಿದ್ದರೆ ಕೂದಲಿನ ಬುಡಗಳ ಸುತ್ತ ಸಣ್ಣಗೆ ಕೆಂಪಾಗಿ ಉಬ್ಬಬೇಕು. ಹತ್ತು ನಿಮಿಷ ಕಾದೆ. ಕೆಂಪಾಗಲಿಲ್ಲ, ಬೂದು ಬಣ್ಣಕ್ಕೆ ತಿರುಗಿತು, ನಿಧಾನಕ್ಕೆ ಅಂಚಿನಲ್ಲಿ ನೀರ್ಗುಳ್ಳೆ ಎದ್ದಿತು.

"ಉರೀತಿದೆ ಅಕ್ಕಾ," ಅಂದಳು. ಅಲ್ಲಿಯವರೆಗೆ ಸಿಸ್ಟರ್ ಅನ್ನುತ್ತಿದ್ದ ಹುಡುಗಿ.

ತಣ್ಣೀರಿನ ಬಟ್ಟೆ ಇಟ್ಟೆ. ಮುಂದೆ? ಮುಲಾಮು ಬರೆದುಕೊಡುವ ಅಧಿಕಾರ ನನಗಿಲ್ಲ, ಇರಲೂ ಬಾರದು. ಸುಡುವ ಮಷಿನ್ ಒತ್ತಬಹುದು, ಸುಟ್ಟದ್ದಕ್ಕೆ ಔಷಧಿ ಕೊಡುವಂತಿಲ್ಲ. ಇದೆಂಥ ಏರ್ಪಾಡು ಅಂತ ಆ ಗಳಿಗೆಯಲ್ಲಿ ಕೈ ನಡುಗಿತು. ಡಾಕ್ಟರು ಬರಲು ಇನ್ನೂ ನಾಲ್ಕು ದಿನ. ತಾಯಿಗೆ ಇದ್ದದ್ದು ಇದ್ದಂತೆ ಹೇಳಿ, ಮಡಿಕೇರಿಯ ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದೆ: ಯಾವ ಮಷಿನ್, ಎಷ್ಟು ಜೂಲ್ ಶಕ್ತಿ, ಎಷ್ಟು ಹೊತ್ತಿಗೆ. ಆ ತಾಯಿ ನನ್ನನ್ನು ಬಯ್ಯಲಿಲ್ಲ. "ಡಾಕ್ಟ್ರು ನೋಡೇ ಇಲ್ವಾ ಹಂಗಾದ್ರೆ?" ಅಂತಷ್ಟೇ ಕೇಳಿದರು.

ಹಿಂದಿನ ಕಾರ್ಡು ತೆಗೆದು ನೋಡಿದೆ. ಡಾಕ್ಟರು ಮೊದಲ ಸಲವೂ ನೋಡಿರಲಿಲ್ಲ. ಮುಟ್ಟು ಸರಿಯಾಗಿ ಆಗುತ್ತದೆಯೇ ಎಂಬ ಪ್ರಶ್ನೆಯೇ ಕಾರ್ಡಿನಲ್ಲಿಲ್ಲ. ಮುಟ್ಟು ಏರುಪೇರಾಗಿಸುವ ಪಿಸಿಓಎಸ್ ಎಂಬ ಹಾರ್ಮೋನ್ ತೊಂದರೆಯಿಂದ ಬರುವ ಗದ್ದದ ಕೂದಲು ಲೇಸರ್‌ನಿಂದ ಉದುರಿದರೂ ಒಳಗಿನ ತೊಂದರೆ ಹಾಗೇ ಉಳಿಯುತ್ತದೆ. ಅದನ್ನು ಗುರುತಿಸಬೇಕಾದವರು ಡಾಕ್ಟರು.

ಶನಿವಾರ ಡಾಕ್ಟರ ಮುಂದೆ ನಿಂತು ಹೇಳಿದೆ: ಮೊದಲ ಸಲ ನೀವೇ ನೋಡಬೇಕು, ಬಣ್ಣ ಬದಲಾಗಿದ್ದರೆ ಮತ್ತೆ ನೀವೇ ನೋಡಬೇಕು, ನೀವಿಲ್ಲದ ದಿನ ನಾನು ಮಷಿನ್ ಆನ್ ಮಾಡುವುದಿಲ್ಲ. ತಿಂಗಳ ಆದಾಯದ ಲೆಕ್ಕ ಹೇಳಿದರು. ನಾನು ಆ ಫೋಟೋ ಮತ್ತು ಮರುದಿನದ ಗುಳ್ಳೆಯ ಫೋಟೋ ಎರಡನ್ನೂ ಮೇಜಿನ ಮೇಲಿಟ್ಟೆ. ಬಹಳ ಹೊತ್ತು ನೋಡಿದರು. ಅಂದಿನಿಂದ ಲೇಸರ್ ಶನಿವಾರ ಮಾತ್ರ.

ಮದುವೆಯಾಗಿ, ಮಳೆ ಹಿಡಿದ ಮೇಲೆ ಹುಡುಗಿ ಮತ್ತೆ ಬಂದಳು. ಕಿವಿಯ ಕೆಳಗೆ ಕಾಫಿ ಬೀಜದಷ್ಟು ಕಂದು ಕಲೆ ಇನ್ನೂ ಇತ್ತು. ಕೊಡೆ ಮಡಚಿ ಬಾಗಿಲಲ್ಲೇ ನಿಂತು ಕೇಳಿದಳು, "ಡಾಕ್ಟ್ರು ಬಂದಿದ್ದಾರಾ ಅಕ್ಕಾ?"

"ಒಳಗೇ ಇದ್ದಾರೆ ಬಾ," ಅಂದೆ.