ಲೈನ್ ಎಫಿಷಿಯನ್ಸಿ ಬಿದ್ದರೆ ಯಾರನ್ನು ಕೇಳಬೇಕು?

ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಎಂಐಎಸ್, ಅಂದರೆ ಲೆಕ್ಕ ಮತ್ತು ವರದಿಗಳ ಕೆಲಸ, ನೋಡಿಕೊಳ್ಳುತ್ತೇನೆ. ಕಟಿಂಗ್, ಹೊಲಿಗೆ, ಚೆಕಿಂಗ್ ಎಲ್ಲದರ ಲೆಕ್ಕ ಒಂದೇ ಡ್ಯಾಶ್‌ಬೋರ್ಡ್‌ಗೆ ಬರುತ್ತದೆ. ಬಿಸಿನೆಸ್ ಇಂಟೆಲಿಜೆನ್ಸ್ ಅಂದರೆ ನಮ್ಮಲ್ಲಿ ಇದೇ. ಆ ಲೆಕ್ಕ ಇಟ್ಟುಕೊಂಡು ಟಾರ್ಗೆಟ್ ಕೊಡುವುದು, ಯಾರು ಏನು ಸರಿಪಡಿಸಬೇಕು ಎಂದು ತೀರ್ಮಾನಿಸುವುದು, ಅಪ್ರೈಸಲ್ (ಕೆಲಸದ ಮೌಲ್ಯಮಾಪನ) ಮಾಡುವುದು ಪರ್ಫಾರ್ಮೆನ್ಸ್ ಮ್ಯಾನೇಜ್‌ಮೆಂಟ್. ಮೊದಲನೆಯದರಿಂದ ಎರಡನೆಯದಕ್ಕೆ ನೇರವಾಗಿ ಹಾರಿದರೆ ಅನ್ಯಾಯ ಆಗುತ್ತದೆ.

ಒಂದು ಲೆಕ್ಕ ನೋಡಿ. ಒಂದು ಶರ್ಟ್ ಹೊಲಿಯಲು ನಿಗದಿಯಾದ ಸಮಯ, ಅಂದರೆ ಸ್ಯಾಮ್, 15 ನಿಮಿಷ. ಲೈನ್‌ನಲ್ಲಿ, ಅಂದರೆ ಒಟ್ಟಿಗೆ ಹೊಲಿಯುವ ಒಂದು ಸಾಲಿನಲ್ಲಿ, 30 ಟೈಲರ್‌ಗಳು, 8 ಗಂಟೆ ಕೆಲಸ. ಒಟ್ಟು 14,400 ನಿಮಿಷ. 600 ಪೀಸ್ ಬಂದರೆ 9,000 ನಿಮಿಷದ ಕೆಲಸ ಆಯಿತು. ಸಿಕ್ಕ ನಿಮಿಷಗಳಲ್ಲಿ ಎಷ್ಟು ಪಾಲು ಕೆಲಸವಾಯಿತು ಎಂಬುದೇ ಎಫಿಷಿಯನ್ಸಿ, ಇಲ್ಲಿ 62.5%. ಸ್ಕ್ರೀನ್ ಮೇಲೆ ಕೆಂಪು ಬಣ್ಣ. ಮೀಟಿಂಗ್‌ನಲ್ಲಿ ಸೂಪರ್‌ವೈಸರ್‌ಗೆ ಬೈಗುಳ, ಅವರಿಂದ ಟೈಲರ್ ಹೆಣ್ಣುಮಕ್ಕಳಿಗೆ.

ಆದರೆ ಕಟಿಂಗ್‌ನಿಂದ ಬಂಡಲ್ (ಕತ್ತರಿಸಿದ ಬಟ್ಟೆಯ ಕಟ್ಟು) ಬಾರದೆ ಅವತ್ತು ಲೈನ್ ಒಂದು ಗಂಟೆ ಸುಮ್ನೆ ಕೂತಿದ್ದರೆ? ಆ 1,800 ನಿಮಿಷ ಕಳೆಯಿರಿ. ಎಫಿಷಿಯನ್ಸಿ 71.4% ಆಗುತ್ತದೆ. ಹೊಲಿಯುವವರು ಹೊಲಿದೇ ಇದ್ದಾರೆ, ಅಲ್ವಾ?

ಈಗ ನಮ್ಮಲ್ಲಿ ಲೈನ್ ನಿಂತರೆ ಕಾರಣ ನಮೂದಿಸಲೇಬೇಕು. ಬಂಡಲ್ ಬರದಿದ್ದರೆ ಆ ನಿಮಿಷಗಳು ಕಟಿಂಗ್ ಇನ್‌ಚಾರ್ಜ್ ಲೆಕ್ಕಕ್ಕೆ. ಮಷಿನ್ ಕೆಟ್ಟರೆ ಮೆಂಟೆನೆನ್ಸ್ ಲೆಕ್ಕಕ್ಕೆ. ಇಷ್ಟರಿಂದಲೇ ಜಗಳ ಕಡಿಮೆ ಆಗಲಿಲ್ಲ. ಸೂಪರ್‌ವೈಸರ್ ಬರೆದ ಕಾರಣವನ್ನು ಆ ವಿಭಾಗದವರು ಅದೇ ಶಿಫ್ಟ್‌ನಲ್ಲಿ ನೋಡಿ ಒಪ್ಪಬೇಕು ಎಂದು ಮಾಡಿದ ಮೇಲೆ ಸ್ವಲ್ಪ ತಣ್ಣಗಾಯಿತು.

ಎಫಿಷಿಯನ್ಸಿ ಒಂದನ್ನೇ ಹಿಡಿದರೂ ಕಷ್ಟ. ಪೀಸ್ ಜಾಸ್ತಿ ಬರುತ್ತದೆ, ತಪ್ಪಾಗಿ ಮತ್ತೆ ಸರಿಪಡಿಸಬೇಕಾದ ಆಲ್ಟರ್ ಪೀಸ್ ರಾಶಿಯೂ ಬೆಳೆಯುತ್ತದೆ. ಹಣದ ಲೆಕ್ಕದ ಜೊತೆಗೆ ಗ್ರಾಹಕರು, ಒಳಗಿನ ಕೆಲಸದ ಕ್ರಮ, ಕಲಿಕೆ ಇವನ್ನೂ ಅಳೆಯಬೇಕು ಎಂದು ಮ್ಯಾನೇಜ್‌ಮೆಂಟ್ ತಜ್ಞರಾದ ಕಪ್ಲಾನ್ ಮತ್ತು ನಾರ್ಟನ್ 1992ರಲ್ಲೇ ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್ ಎಂಬ ಅಳತೆ ವಿಧಾನದಲ್ಲಿ ಹೇಳಿದ್ದರು. ನಾವು ಅಷ್ಟು ದೂರ ಹೋಗಿಲ್ಲ. ನೂರು ಪೀಸ್‌ಗೆ ಎಷ್ಟು ಡಿಫೆಕ್ಟ್ ಎಂಬುದನ್ನು ಎಫಿಷಿಯನ್ಸಿ ಪಕ್ಕದಲ್ಲೇ ತೋರಿಸುತ್ತೇವೆ.

ಒಂದು ವಿಷಯಕ್ಕೆ ನಾನು ಹಟ ಹಿಡಿದಿದ್ದೇನೆ. ಲೈನ್‌ನಲ್ಲಿ ಹೊಸ ಸ್ಟೈಲ್ (ಹೊಸ ಮಾದರಿಯ ಉಡುಪು) ಶುರುವಾದ ಮೊದಲ ದಿನಗಳಲ್ಲಿ ಎಫಿಷಿಯನ್ಸಿ ಬಿದ್ದೇ ಬೀಳುತ್ತದೆ, ಕೈ ಕೂರಬೇಕಲ್ಲ. ಆ ದಿನಗಳನ್ನು ಅಪ್ರೈಸಲ್‌ಗೆ ತರಬಾರದು. ಎಚ್‌ಆರ್ ಇನ್ನೂ ಒಪ್ಪಿಲ್ಲ. ಯಾವ ಲೈನ್‌ಗೆ ಎಷ್ಟು ಸಲ ಸ್ಟೈಲ್ ಬದಲಾಯಿತು ಎಂಬ ಪಟ್ಟಿಯನ್ನು ಮುಂದಿನ ಮೀಟಿಂಗ್‌ಗೆ ಒಯ್ಯುತ್ತಿದ್ದೇನೆ.