ಮನೆ ಮೇಲಿನ ಸೋಲಾರ್ ಪೈಪನ್ನೇ ಪೂಲ್‌ಗೆ ಬಿಟ್ಟರೆ ಆಗಲ್ವಾ?

ಹೊಸೂರು, ತಳಿ, ಡೆಂಕಣಿಕೋಟೆ ಕಡೆ ತೋಟದ ಮನೆಗಳು ಜಾಸ್ತಿಯಾದ ಹಾಗೆ ಸ್ವಿಮ್ಮಿಂಗ್ ಪೂಲ್‌ಗಳೂ ಜಾಸ್ತಿಯಾಗಿವೆ. ಸೋಲಾರ್ ಹೀಟರ್ ಕೂರಿಸುವುದು ನನ್ನ ಕೆಲಸ. ಹಾಗಾಗಿ ಚಳಿ ಶುರುವಾಯಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. "ಅಣ್ಣಾ, ಟೆರೇಸ್ ಮೇಲೆ 200 ಲೀಟರ್ ಸೋಲಾರ್ ಇದೆಯಲ್ಲ, ಅದರದ್ದೇ ಒಂದು ಪೈಪ್ ಎಳೆದು ಪೂಲ್‌ಗೆ ಬಿಟ್ಟುಬಿಡು." ಬೆಂಗಳೂರಿಂದ ಶನಿವಾರ ಬರುವವರು ಇದನ್ನೇ ಸ್ವಲ್ಪ ನಯವಾಗಿ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ.

ತಮಿಳುನಾಡಿನಲ್ಲಿ ಪೂಲ್ ಬಿಸಿ ಮಾಡೋದಾ ಅಂತ ನಗುವವರು ಡಿಸೆಂಬರ್‌ನಲ್ಲಿ ಒಂದು ರಾತ್ರಿ ಇಲ್ಲಿ ಕಳೆಯಬೇಕು. ಹೊಸೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ತಳಿಯನ್ನು ‘ಲಿಟಲ್ ಇಂಗ್ಲೆಂಡ್’ ಅಂತ ಕರೆದದ್ದು ಸುಮ್ನೆ ಅಲ್ಲ. ಗಾಳಿ 24 ಡಿಗ್ರಿ ಇದ್ದರೆ ಹಾಯಾಗಿರುತ್ತದೆ, ನೀರು 24 ಡಿಗ್ರಿ ಇದ್ದರೆ ಮಕ್ಕಳ ಹಲ್ಲು ಕಟಕಟ ಅನ್ನುತ್ತದೆ. ನೀರು ಮೈಯ ಬಿಸಿಯನ್ನು ಗಾಳಿಗಿಂತ ಎಷ್ಟೋ ಬೇಗ ಎಳೆದುಕೊಳ್ಳುತ್ತದೆ. ಆಟ ಆಡುವ ಪೂಲ್ ಅಂದರೆ 28ರಿಂದ 30 ಡಿಗ್ರಿ ಬೇಕು.

ಪ್ರಶ್ನೆಗೆ ನೇರ ಉತ್ತರ: ಬಿಡಬಹುದು, ಆದರೆ ಪೂಲ್‌ಗೆ ಅದು ಗೊತ್ತೇ ಆಗುವುದಿಲ್ಲ.

ಲೆಕ್ಕ ಹಾಕೋಣ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಪೂಲ್‌ನಲ್ಲಿ 40,000 ಲೀಟರ್ ನೀರಿರುತ್ತದೆ. ಅದರಲ್ಲಿ 24 ಡಿಗ್ರಿ ನೀರಿದೆ ಅನ್ನಿ. ಅದಕ್ಕೆ 60 ಡಿಗ್ರಿಯ 200 ಲೀಟರ್ ಸುರಿದರೆ ಏರುವುದು ಡಿಗ್ರಿಯ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ನೀರನ್ನು ಒಂದೇ ಒಂದು ಡಿಗ್ರಿ ಏರಿಸಲು ಸುಮಾರು 46 ಯೂನಿಟ್ ಶಾಖ ಬೇಕು. ಕರೆಂಟ್ ಹೀಟರ್ ಇಳಿಬಿಡುವ ಯೋಚನೆ ಇದ್ದವರು ಈ ಸಂಖ್ಯೆಯನ್ನು ತಮ್ಮ ಬಿಲ್ ಪಕ್ಕ ಇಟ್ಟು ನೋಡಲಿ.

ಆದರೆ ನಾನು ಜನಕ್ಕೆ ಹೇಳುವ ಮುಖ್ಯ ಮಾತು ಬೇರೆ. ಪೂಲ್ ತಾನೇ ಒಂದು ದೊಡ್ಡ ಸೋಲಾರ್. ಮೇಲಿನ ಅಳತೆಯ ಪೂಲ್ ಅಂದರೆ 32 ಚದರ ಮೀಟರ್ ಬಿಸಿಲಿಗೆ ಮೈಯೊಡ್ಡಿ ಮಲಗಿದೆ. ಬಿಸಿಲು ಚೆನ್ನಾಗಿರುವ ದಿನ ಅದಕ್ಕೆ ಬರುವ ಶಾಖ ಏನೂ ಕಡಿಮೆ ಇಲ್ಲ. ಹಾಗಾದರೆ ಬೆಳಿಗ್ಗೆ ಯಾಕೆ ತಣ್ಣಗಿರುತ್ತದೆ? ನೀರು ಆವಿಯಾಗಿ ಹೋಗುತ್ತದೆ, ಹೋಗುವಾಗ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಬಯಲಲ್ಲಿರುವ ಪೂಲ್ ಕಳೆದುಕೊಳ್ಳುವ ಶಾಖದಲ್ಲಿ ನೂರಕ್ಕೆ ಸುಮಾರು 70 ಪಾಲು ಹೀಗೆ ಆವಿಯ ಜೊತೆಯೇ ಹೋಗುವುದು. ಒಂದು ಲೀಟರ್ ಆವಿಯಾದರೆ ಮುಕ್ಕಾಲು ಯೂನಿಟ್‌ಗೆ ಸ್ವಲ್ಪ ಕಮ್ಮಿ ಶಾಖ ನಷ್ಟ. ದಿನಕ್ಕೆ 4 ಮಿಲಿಮೀಟರ್ ನೀರು ಇಳಿಯಿತು ಅನ್ನಿ, ಅಂಚಿನ ಟೈಲ್ಸ್ ಮೇಲೆ ಕಣ್ಣಿಗೂ ಬೀಳದಷ್ಟು. ಅಷ್ಟಕ್ಕೇ 128 ಲೀಟರ್ ಆಯಿತು. ಇಡೀ ಪೂಲ್ ಸುಮಾರು 2 ಡಿಗ್ರಿ ತಣ್ಣಗಾಗಲು ಅಷ್ಟು ಸಾಕು. ಜನವರಿಯ ಬೆಳಿಗ್ಗೆ ಪೂಲ್ ಮೇಲೆ ಹಬೆ ಏಳುವುದನ್ನು ಮನೆಯವರು ಫೋಟೋ ತೆಗೆಯುತ್ತಾರೆ. ನನಗೆ ಮಾತ್ರ ಹಿಂದಿನ ದಿನದ ಬಿಸಿಲೆಲ್ಲ ಹಾರಿ ಹೋಗುತ್ತಿರುವ ಹಾಗೆ ಕಾಣುತ್ತದೆ.

ಆದ್ದರಿಂದ ಮೊದಲು ಹೊದಿಕೆ, ಆಮೇಲೆ ನೀರು ಕಾಯಿಸುವ ಪ್ಯಾನೆಲ್. ಈ ಮಾತು ಹೇಳಿದಾಗ ಕೆಲವರ ಮುಖ ಸಪ್ಪಗಾಗುತ್ತದೆ. ಅವರಿಗೆ ಛಾವಣಿ ಮೇಲೆ ಏನಾದರೂ ಕಾಣಬೇಕು. ಆದರೆ ಗುಳ್ಳೆ ಗುಳ್ಳೆ ಇರುವ ಪ್ಲಾಸ್ಟಿಕ್ ಕವರ್ ಸಂಜೆ ಹಾಸಿದರೆ ಬಿಸಿ ಉಳಿಯುವುದರಲ್ಲಿ ಅರ್ಧಕ್ಕರ್ಧ ಕೆಲಸ ಮುಗಿದ ಹಾಗೆ. ಗುಳ್ಳೆ ಇರುವ ಬದಿ ನೀರಿಗೆ ತಾಗಬೇಕು. ಬಾಗಲೂರು ಕಡೆ ಗುಲಾಬಿ ಬೆಳೆಯುವವರ ಹತ್ತಿರ ಪಾಲಿಹೌಸ್‌ನ ಹಳೇ ಶೀಟ್ ಸಿಗುತ್ತದೆ. ತೊಳೆದು ನೀರಿನ ಮೇಲೆ ಹಾಸಿದರೆ ಅದೂ ಆವಿಯನ್ನು ತಡೆಯುತ್ತದೆ. ಆದರೆ ಒಂದು ಎಚ್ಚರ. ನೀರಿಗಿಳಿಯುವ ಮುಂಚೆ ಕವರನ್ನು ಪೂರ್ತಿ ತೆಗೆಯಲೇಬೇಕು. ಅರ್ಧ ಸರಿಸಿ ಬಿಟ್ಟ ಕವರಿನ ಕೆಳಗೆ ಮಗು ಸಿಕ್ಕಿಕೊಂಡರೆ ಮೇಲಿನಿಂದ ಕಾಣುವುದೇ ಇಲ್ಲ. ಗಾಳಿ ಬೀಸುವ ಕಡೆ ಒಂದು ಬೇಲಿಸಾಲು ಗಿಡ ಹಾಕಿದರೂ ಲಾಭವೇ.

ಇನ್ನು ಪ್ಯಾನೆಲ್. ಪೂಲ್‌ಗೆ ಮನೆ ಸೋಲಾರ್‌ನಲ್ಲಿರುವಂಥ ಗಾಜಿನ ಪೆಟ್ಟಿಗೆ ಬೇಡ, ಗಾಜಿನ ಟ್ಯೂಬೂ ಬೇಡ. ನೀರು ಗಾಳಿಗಿಂತ ತುಂಬಾ ಬಿಸಿಯಾಗಬೇಕಾದಾಗ ಮಾತ್ರ ಗಾಜು ಕೆಲಸಕ್ಕೆ ಬರುತ್ತದೆ. ನಮಗೆ ಬೇಕಿರುವುದು ಬರೀ 28 ಡಿಗ್ರಿ. ಸಣ್ಣ ಸಣ್ಣ ಕೊಳವೆಗಳಿರುವ ಕಪ್ಪು ಪಾಲಿಪ್ರೊಪಿಲೀನ್ ಅಥವಾ ರಬ್ಬರ್ ಚಾಪೆ ಸಾಕು. ವಿಸ್ತೀರ್ಣ ಮಾತ್ರ ಜಾಸ್ತಿ ಬೇಕು, ಪೂಲ್‌ನ ಮೇಲ್ಮೈಯ ಅರ್ಧದಿಂದ ಪೂರ್ತಿ. ನಮ್ಮ ಲೆಕ್ಕದ ಪೂಲ್‌ಗೆ 16ರಿಂದ 32 ಚದರ ಮೀಟರ್. ಒಳ್ಳೇ ಬಿಸಿಲಿನ ದಿನ ಒಂದು ಚದರ ಮೀಟರ್‌ಗೆ ಹೆಚ್ಚುಕಮ್ಮಿ 3 ಯೂನಿಟ್ ಶಾಖ ಸಿಗುತ್ತದೆ. ಅಂದರೆ ದಿನಕ್ಕೆ ಒಂದರಿಂದ ಎರಡು ಡಿಗ್ರಿ. ಮುಖ ದಕ್ಷಿಣಕ್ಕೆ ಇರಲಿ. ಚಳಿಗಾಲಕ್ಕೇ ಬೇಕಾದ್ದರಿಂದ ಇಳಿಜಾರು 25 ಡಿಗ್ರಿಯ ಆಸುಪಾಸು ಕೊಡಿ.

ಕೂರಿಸಿದ ಮೇಲೆ ಬರುವ ಮೊದಲ ಫೋನ್ ಯಾವುದು ಅಂತ ನನಗೆ ಗೊತ್ತು. "ಏನ್ರೀ, ಪೈಪಿಂದ ಬರೋ ನೀರು ಉಗುರುಬೆಚ್ಚಗೂ ಇಲ್ಲ!" ಇರಬಾರದು ಕಣ್ರೀ. ಒಳಗೆ ಹೋದ ನೀರು ಎರಡು ಮೂರು ಡಿಗ್ರಿ ಮಾತ್ರ ಏರಿ ವಾಪಸ್ ಬರುವಷ್ಟು ಜೋರಾಗಿ ಹರಿಯಬೇಕು. ನಿಧಾನ ಬಿಟ್ಟರೆ ಕೈಗೆ ಬಿಸಿ ತಾಗುತ್ತದೆ ನಿಜ. ಆದರೆ ಆಗ ಪ್ಯಾನೆಲ್ ಕಾದು ಆ ಬಿಸಿ ಗಾಳಿಗೆ ಹೋಗುತ್ತದೆ, ಪೂಲ್‌ಗೆ ಸಿಗುವುದು ಕಮ್ಮಿ. ಯಾರೋ ಸಲಹೆ ಕೊಟ್ಟರು ಅಂತ ವಾಲ್ವ್ ಮುಚ್ಚಿ ಹರಿವು ಕಡಿಮೆ ಮಾಡಬೇಡಿ.

ತೋಟದವರು ಡ್ರಿಪ್ ಪೈಪ್ ತೋರಿಸುತ್ತಾರೆ. ಮಧ್ಯಾಹ್ನ ಅದರೊಳಗಿನ ನೀರು ಕೈ ಸುಡುತ್ತದೆ ಅಲ್ವಾ, ಅದನ್ನೇ ಸುತ್ತಿ ಇಡೋಣ ಅಂತ. ಐಡಿಯಾ ತಪ್ಪಲ್ಲ. ಆದರೆ 16 ಮಿಲಿಮೀಟರ್ ಪೈಪ್ 100 ಮೀಟರ್ ಹಾಸಿದರೂ ಬಿಸಿಲಿಗೆ ಸಿಗುವುದು 1.6 ಚದರ ಮೀಟರ್. ಅಷ್ಟು ಉದ್ದದಲ್ಲಿ ನೀರು ಹರಿಯುವುದೂ ಕಷ್ಟ. ತುಂಡು ಮಾಡಿ, ಎಲ್ಲದರಲ್ಲೂ ಒಟ್ಟಿಗೇ ನೀರು ಹರಿಯುವ ಹಾಗೆ ಅಕ್ಕಪಕ್ಕ ಜೋಡಿಸಬೇಕು. ಅಷ್ಟು ಜಾಯಿಂಟ್ ಹಾಕುವ ತಾಳ್ಮೆ ನನಗಂತೂ ಇಲ್ಲ.

ಪೂಲ್ ನೀರನ್ನು ಮನೆಯ ಸೋಲಾರ್‌ನ ತಾಮ್ರದ ಕೊಳವೆಗೆ ನೇರವಾಗಿ ಹರಿಸಬೇಡಿ. ಪಿಹೆಚ್ ಇಳಿದ, ಅಂದರೆ ಆಮ್ಲದ ಗುಣ ಬಂದ ನೀರು ತಾಮ್ರವನ್ನು ಕರಗಿಸುತ್ತದೆ, ಆಮೇಲೆ ಪೂಲ್ ಗೋಡೆಗೆ ಕಲೆ ಹಿಡಿಯುತ್ತದೆ. ಬೇರೆ ಮೋಟರ್ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಫಿಲ್ಟರ್ ಮೋಟರ್ರೇ ಸಾಕು. ಆದರೆ ಅದನ್ನು ರಾತ್ರಿ ಓಡಿಸುವ ಅಭ್ಯಾಸ ಬಿಟ್ಟು ಬೆಳಿಗ್ಗೆ 10ರಿಂದ 4ರವರೆಗೆ ಓಡಿಸಬೇಕು. ರಾತ್ರಿ ಹೊತ್ತು ಪ್ಯಾನೆಲ್‌ಗೆ ನೀರು ಹತ್ತಿಸಿದರೆ ಪೂಲ್ ಬಿಸಿಯಾಗುವ ಬದಲು ತಣ್ಣಗಾಗುತ್ತದೆ. ಪ್ಯಾನೆಲ್ ಬಿಸಿಯಾಗಿದೆಯೋ ಇಲ್ಲವೋ ನೋಡಿ ತಾನೇ ವಾಲ್ವ್ ತಿರುಗಿಸುವ ಕಂಟ್ರೋಲರ್ ಸಿಗುತ್ತದೆ. ಮನೆಯಲ್ಲಿ ಯಾರೂ ಇರದ ತೋಟಗಳಿಗೆ ಅದನ್ನು ಹಾಕಿಸಲೇಬೇಕು.

ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು ಹಿಡಿದು ವಾರಗಟ್ಟಲೆ ಮೋಡ ಕವಿದರೆ ಪ್ಯಾನೆಲ್ ಏನೂ ಮಾಡಲಾರದು. ಆಗಲೂ ಈಜಲೇಬೇಕು ಅನ್ನುವವರಿಗೆ ಹೀಟ್ ಪಂಪ್ ಇದೆ, ಸುತ್ತಲ ಗಾಳಿಯ ಬಿಸಿಯನ್ನು ಎಳೆದು ನೀರಿಗೆ ಕೊಡುವ ಯಂತ್ರ. ಒಂದು ಯೂನಿಟ್ ಕರೆಂಟಿಗೆ ನಾಲ್ಕೈದು ಯೂನಿಟ್ ಶಾಖ ಕೊಡುತ್ತದೆ. ಟೆರೇಸ್ ಮೇಲೆ ಕರೆಂಟ್ ಸೋಲಾರ್ ಆಗಲೇ ಇದ್ದರೆ ಹೀಟ್ ಪಂಪನ್ನು ಹಗಲು ಹೊತ್ತು ಓಡಿಸಿ. ಕವರ್ ಮಾತ್ರ ಅದಕ್ಕೂ ಬೇಕು.